ಎರಡನೆಯ ಜೊತೆ

ಹಿರಿಯರು ತಮ್ಮ ಕಾಲದ ಉಡುಗೆ ತೊಡುಗೆಯ ವಿಷಯ ತೆಗೆದರೆ ಕೇಳುವವರಿಗೆ ಒಂದು ಸಣ್ಣ ಆಶಾಭಂಗ ಕಾದಿರುತ್ತದೆ. ಕೋಟಿನ ಕತ್ತುಪಟ್ಟಿ ಹೇಗಿತ್ತು, ರವಿಕೆಯ ತೋಳು ಎಲ್ಲಿಯವರೆಗೆ ಬರುತ್ತಿತ್ತು, ಯಾವ ಬಣ್ಣಕ್ಕೆ ಮರ್ಯಾದೆ ಹೆಚ್ಚು ಎಂದೆಲ್ಲ ನಾವು ಕೇಳುತ್ತೇವೆ. ಅವರು ಹೇಳುವುದು ಲೆಕ್ಕ. ವರ್ಷಕ್ಕೆ ಎಷ್ಟು ಜೊತೆ, ಮನೆಯಲ್ಲಿ ಎಷ್ಟು ಕೋಟು, ಮದುವೆಯ ಸೀರೆ ಬಿಟ್ಟರೆ ಊರ ಹೊರಗೆ ಉಟ್ಟು ಹೋಗುವಂಥದು ಇನ್ನೊಂದು ಇತ್ತೇ ಇಲ್ಲವೇ ಎಂಬ ಲೆಕ್ಕ. ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಯ ವೃದ್ಧರ ಬಾಯಲ್ಲಿ ಈ ಲೆಕ್ಕವನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಅವರು ನಮ್ಮ ಪ್ರಶ್ನೆಯನ್ನು ತಪ್ಪಾಗಿ ತಿಳಿದಿಲ್ಲ; ಅದಕ್ಕೆ ಸರಿಯಾದ ಉತ್ತರವನ್ನೇ ಕೊಡುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ನಮ್ಮ ಸೀಮೆಯಲ್ಲಿ ಫ್ಯಾಷನ್ ಎಂಬುದಕ್ಕೆ ಬಹುಕಾಲ ಸಲ್ಲುತ್ತಿದ್ದ ಮಾತು ‘ಷೋಕಿ’. ಹಿಂದೂಸ್ತಾನಿಯ ಮೂಲಪದಕ್ಕೆ ಒಲವು, ಅಭಿರುಚಿ ಎಂಬ ಗೌರವದ ಅರ್ಥವೇ ಇದೆ. ನಮ್ಮಲ್ಲಿಗೆ ಬರುವಷ್ಟರಲ್ಲಿ ಅದು ಆ ಗೌರವವನ್ನು ಕಳೆದುಕೊಂಡಿತು. ಹುಡುಗನಿಗೆ ಷೋಕಿ ಹತ್ತಿದೆ ಎಂದರೆ ಬೇಸಾಯ ಕೆಟ್ಟಿತೆಂದೇ ಅರ್ಥ. ಒಂದೇ ಜೊತೆಯಲ್ಲಿ ವರ್ಷ ಕಳೆಯುತ್ತಿದ್ದ ಜನ ಎರಡನೆಯ ಜೊತೆಯನ್ನು ಬೇರೆ ಹೇಗೆ ನೋಡಿಯಾರು? ಎರಡನೆಯದು ಬಂದ ಮೇಲಲ್ಲವೆ ಇದನ್ನು ಉಡಲೋ ಅದನ್ನು ಉಡಲೋ ಎಂಬ ಪ್ರಶ್ನೆ ಏಳುವುದು! ಫ್ಯಾಷನ್ ಹುಟ್ಟುವುದು ಆ ಪ್ರಶ್ನೆಯಲ್ಲಿಯೇ.

ಹಿಂದಿನ ಒಕ್ಕಲುಮಗನ ಉಡುಪನ್ನು ಹೇಳಲು ಹೆಚ್ಚು ಹೊತ್ತು ಬೇಡ. ಲಂಗೋಟಿ ಅಥವಾ ಪಟಾಪಟಿ ಚಡ್ಡಿ, ತಲೆಗೆ ಸುತ್ತಿದ ಒಂದು ವಸ್ತ್ರ, ಹೆಗಲ ಮೇಲೆ ಕಂಬಳಿ. ಅಂಗಿ ನೆಂಟರ ಊರಿಗೆ, ಕಚೇರಿಗೆ, ಜಾತ್ರೆಗೆ. ಕಂಬಳಿಯ ವಿಷಯ ಮಾತ್ರ ಒಂದು ಮಾತು ಹೆಚ್ಚು ಹೇಳಬೇಕು. ಕುರುಬರ ಮಗ್ಗದಿಂದ ಬಂದ ಆ ಕರಿಯ ಕಂಬಳಿ ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಬಂದವರಿಗೆ ಆಸನ, ಕಣದಲ್ಲಿ ರಾಗಿ ಕಟ್ಟಿಕೊಳ್ಳುವ ಗಂಟು, ರಾತ್ರಿ ಹಾಸಿಗೆ. ಒಂದು ಬಟ್ಟೆ ಐದು ಕೆಲಸ ಮಾಡುವಲ್ಲಿ ಅದರ ಅಂದದ ವಿಚಾರ ಯಾರಿಗೂ ಹೊಳೆಯುವುದಿಲ್ಲ. ಹೆಂಗಸರ ಪಾಡು ಇನ್ನೂ ಬಿಗಿ. ಉಟ್ಟ ಸೀರೆಯ ಒಂದು ಅರ್ಧವನ್ನು ಕೆರೆಯಲ್ಲಿ ಒಗೆದು ಬಿಸಿಲಿಗೆ ಹಿಡಿದು ಒಣಗಿಸಿ, ಅದನ್ನು ಸುತ್ತಿಕೊಂಡು ಉಳಿದರ್ಧವನ್ನು ಒಗೆಯುತ್ತಿದ್ದ ಬಗೆಯನ್ನು ಅಜ್ಜಿಯರು ನಗುತ್ತಲೇ ಹೇಳುತ್ತಾರೆ. ಆ ನಗುವನ್ನು ಕೇಳುಗರು ಸರಿಯಾಗಿ ಅರ್ಥಮಾಡಿಕೊಳ್ಳಬೇಕು.

ಕೃಷ್ಣರಾಜಸಾಗರದ ನಾಲೆ ಹುಲಿಕೆರೆಯ ಸುರಂಗವನ್ನು ಹಾಯ್ದು ಈ ಬಯಲಿಗೆ ಇಳಿದದ್ದು 1930ರ ದಶಕದಲ್ಲಿ. ಆಗ ಅದು ಇರ್ವಿನ್ ನಾಲೆ, ಈಗ ವಿಶ್ವೇಶ್ವರಯ್ಯ ನಾಲೆ. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ನರ ಮುತುವರ್ಜಿಯಿಂದ 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯವೇ ಒಂದು ಜಿಲ್ಲೆಯಾಯಿತು. ಅಲ್ಲಿಯವರೆಗೆ ರಾಗಿಯನ್ನು ಅಳೆದು ಬದುಕುತ್ತಿದ್ದ ಮನೆಗೆ ಕಬ್ಬಿನ ಬಿಲ್ಲು ರೂಪಾಯಿಯ ರೂಪದಲ್ಲಿ, ಒಟ್ಟಾಗಿ, ಕೈಗೆ ಬಂತು. ಒಟ್ಟಾಗಿ ಬಂದ ಹಣ ಹಿಡಿದವನ ದಾರಿಯಲ್ಲಿ ಜವಳಿ ಅಂಗಡಿಯೂ ಇರುತ್ತದೆ. ಬೆಂಗಳೂರು ಮೈಸೂರುಗಳ ಮಿಲ್ಲಿನ ಬಟ್ಟೆ ರೈಲಿನಲ್ಲಿ ಬಂದು ಮದ್ದೂರು ಮಂಡ್ಯಗಳಲ್ಲಿ ಇಳಿಯುತ್ತಿತ್ತು. ಮಳವಳ್ಳಿಯವರು ಮದುವೆಯ ಜವಳಿಗೆ ಕಾವೇರಿಯನ್ನು ದಾಟಿ ಕೊಳ್ಳೇಗಾಲಕ್ಕೆ ಹೋಗುತ್ತಿದ್ದರು. 1956ರವರೆಗೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹಾಗಾಗಿ ಧಾರೆಯ ರೇಷ್ಮೆ ಸೀರೆ ಬೇರೊಂದು ರಾಜ್ಯದಿಂದ ಬರುತ್ತಿತ್ತು ಎನ್ನಬೇಕು. ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳು ಸಾಕಿ, ಗೂಡು ಮಾರಿದವಳ ಮೈಮೇಲೆ ಆ ರೇಷ್ಮೆ ಜೀವಮಾನದಲ್ಲಿ ಒಂದು ಬಾರಿ ಬಂದರೆ ಅದೇ ಹೆಚ್ಚು.

ನೀರಿದ್ದ ಊರೇ ಮೊದಲು ಷೋಕಿಗೆ ಬಿದ್ದಿತೆಂದು ಯಾರಾದರೂ ಊಹಿಸಿಯಾರು. ವಿಷಯ ಅಷ್ಟು ಸರಳವಲ್ಲ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ 1950ರ ದಶಕದ ನಡುವೆ ಮಂಡ್ಯದ ಬಳಿ ಎರಡು ಹಳ್ಳಿಗಳನ್ನು ಅಭ್ಯಾಸ ಮಾಡಿದರು. ಒಂದಕ್ಕೆ ನಾಲೆಯ ನೀರು ದೊರಕಿತ್ತು, ಇನ್ನೊಂದಕ್ಕೆ ದೊರಕಿರಲಿಲ್ಲ. ನೀರು ಸಿಕ್ಕವರು ಗದ್ದೆಯಲ್ಲಿಯೇ ಉಳಿದು ಹಳೆಯ ರೂಢಿಗಳನ್ನು ಉಳಿಸಿಕೊಂಡರು. ಸಿಗದವರು ಪೇಟೆಗೆ, ಕಾರ್ಖಾನೆಗೆ, ವ್ಯಾಪಾರಕ್ಕೆ ಹೊರಟು ಬದಲಾದರು. ಅವರ ಗ್ರಂಥದ ವಿಷಯ ಬಟ್ಟೆಯಲ್ಲ. ಆದರೂ ಈ ಮಾತು ನಮಗೆ ಒಂದು ಸುಳಿವು ಕೊಡುತ್ತದೆ. ಮೊಣಕಾಲುದ್ದ ಕೆಸರಿನಲ್ಲಿ ನಾಟಿ ಹಾಕುವವನಿಗೆ ಷರಾಯಿಯಿಂದ ಏನು ಪ್ರಯೋಜನ? ಸೈಕಲ್ಲೇರಿ ಪೇಟೆಗೆ ಹೋಗುವವನಿಗೆ ಮಾತ್ರ ಅದು ಬೇಕು.

ಎರಡನೆಯ ಜೊತೆ ಕೈಗೆ ಬರುತ್ತಿದ್ದ ಹೊತ್ತಿಗೆ ಯುದ್ಧ ಅದನ್ನು ಕಿತ್ತುಕೊಂಡಿತು. 1943ರಲ್ಲಿ ಬಟ್ಟೆ ಮತ್ತು ನೂಲಿನ ಮೇಲೆ ಸರ್ಕಾರದ ನಿಯಂತ್ರಣ ಬಂತು. ಹಳ್ಳಿಯವರ ಮಾತಿನಲ್ಲಿ ಅದು ‘ಕಂಟ್ರೋಲು’. ಸಾಲಿನಲ್ಲಿ ನಿಂತು ತಂದ ಒರಟು ಕೋರಾ ಬಟ್ಟೆಯಲ್ಲಿ ಮನೆಯ ಮಕ್ಕಳಿಗೆಲ್ಲ ಒಂದೇ ಬಗೆಯ ಅಂಗಿ. ಅದೂ ಬೆಳೆಯುವ ಹುಡುಗನೆಂದು ಎರಡು ವರ್ಷಕ್ಕೆ ಸಾಲುವಂತೆ ದೊಗಲೆಯಾಗಿ ಹೊಲಿಸಿದ್ದು. ಈಗ ತೊಂಬತ್ತರ ಸುತ್ತ ಇರುವವರಿಗೆ ಬಾಲ್ಯದ ಬಟ್ಟೆ ಎಂದೊಡನೆ ನೆನಪಾಗುವುದು ಇದೇ.

ಗಂಡಸರ ನೆನಪಿನಲ್ಲಿ ದೊಡ್ಡ ಸಂಗತಿ ತಲೆಯದು. ಬರಿದಲೆಯಲ್ಲಿ ಹಿರಿಯರ ಮುಂದೆ ನಿಲ್ಲುವುದು ಅವಮರ್ಯಾದೆಯಾಗಿದ್ದ ಕಾಲದಲ್ಲಿ ಅಮಲ್ದಾರರಿಗೆ ಜರಿಯ ಪೇಟ, ಪಟೇಲರಿಗೆ ರುಮಾಲು, ಮೇಷ್ಟರಿಗೆ ಕರಿಯ ಟೋಪಿ. ಇವುಗಳ ನಡುವೆ ಬಿಳಿಯ ಖಾದಿ ಟೋಪಿ ಬಂದಾಗ ಅದು ಬರಿಯ ಉಡುಪಾಗಿ ಬರಲಿಲ್ಲ. 1938ರ ಏಪ್ರಿಲಿನಲ್ಲಿ ಮದ್ದೂರಿನ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನೆರೆದು, ನಿಷೇಧವನ್ನು ಮೀರಿ ಧ್ವಜ ಏರಿತಷ್ಟೆ. ಸರ್ಕಾರದ ಕೆಲಸದಲ್ಲಿದ್ದವನ ಮಗ ಆ ಟೋಪಿ ಹಾಕಿ ಮನೆಗೆ ಬಂದರೆ ತಂದೆಯ ಎದೆ ನಡುಗುತ್ತಿತ್ತು. ಆ ಮೇಲೆ ಅದೇ ಟೋಪಿ ಅಧಿಕಾರದ ಗುರುತಾಯಿತು. ಇನ್ನೂ ಆ ಮೇಲೆ ಪೇಟ, ರುಮಾಲು, ಟೋಪಿ ಎಲ್ಲವೂ ತಲೆಯಿಂದ ಇಳಿದವು. ಒಂದು ತಲೆಮಾರಿನೊಳಗೆ ನಡೆದ ಈ ಬದಲಾವಣೆಗೆ ಯಾರೂ ಅತ್ತಂತೆ ಕಾಣಲಿಲ್ಲ.

ಹೆಂಗಸರ ಫ್ಯಾಷನ್ನಿನ ಚರಿತ್ರೆ ಬಹುಪಾಲು ತೋಳಿನಲ್ಲಿದೆ. ಸೀರೆ ಸೀರೆಯಾಗಿಯೇ ಉಳಿಯಿತು. ರವಿಕೆಯ ತೋಳು ಮೊಣಕೈಗೆ ಇಳಿಯಿತು, ಉಬ್ಬಿತು, ಮೇಲೇರಿತು, ಮತ್ತೆ ಇಳಿಯಿತು. ಮುಂದೆ ಗಂಟು ಹಾಕುವ ಕುಪ್ಪಸ ಹೋಗಿ ಗುಂಡಿಯ ರವಿಕೆ ಬಂದದ್ದೇ ಹಳ್ಳಿಗಳಲ್ಲಿ ಒಂದು ದೊಡ್ಡ ಸುದ್ದಿ. ರವಿಕೆಯನ್ನೇ ತೊಡದೆ ಬಾಳಿದ ಅತ್ತೆಯರು ಸೊಸೆಯರ ತೋಳನ್ನು ನೋಡಿ ಮುಖ ತಿರುಗಿಸುತ್ತಿದ್ದರು. ಗೌರಿಹಬ್ಬಕ್ಕೆ ತವರಿನಿಂದ ಬಂದ ರವಿಕೆ ಕಣವನ್ನು ಯಾವ ಬಗೆಯಾಗಿ ಹೊಲಿಸಬೇಕೆಂಬುದು ಆ ಸೊಸೆಗೆ ಸ್ವಂತವಾಗಿ ತೀರ್ಮಾನಿಸಲು ದೊರೆತ ಕೆಲವೇ ಸಂಗತಿಗಳಲ್ಲಿ ಒಂದಾಗಿತ್ತು. ಅದಕ್ಕೇ ಅದನ್ನು ಅವಳು ಐವತ್ತು ವರ್ಷವಾದರೂ ಮರೆಯುವುದಿಲ್ಲ.

1960ರ ದಶಕ ಮುಗಿಯುವ ಹೊತ್ತಿಗೆ ಟೆರಿಲಿನ್, ಟೆರಿಕಾಟ್, ನೈಲಾನುಗಳು ಬಂದವು. ಮಂಡ್ಯದ ಬಿಸಿಲಿಗೆ ಇವುಗಳಷ್ಟು ಒಗ್ಗದ ಬಟ್ಟೆ ಇನ್ನೊಂದಿಲ್ಲ. ಆದರೂ ಜನ ಮುಗಿಬಿದ್ದರು. ರಾತ್ರಿ ಒಗೆದು ಹಾಕಿದರೆ ಬೆಳಿಗ್ಗೆ ಗರಿಗರಿ. ತಂಬಿಗೆಗೆ ಕೆಂಡ ತುಂಬಿ ಸುಕ್ಕು ತೆಗೆಯುವ ಕೆಲಸವಿಲ್ಲ. ಒಂದೇ ಜೊತೆಯಿದ್ದವನೂ ಎರಡು ಜೊತೆಯವನಂತೆ ಕಾಣಬಹುದಾಗಿತ್ತು. 1972ರಲ್ಲಿ ‘ಬಂಗಾರದ ಮನುಷ್ಯ’ ರಾಜಕುಮಾರರನ್ನು ರೈತನನ್ನಾಗಿ ತೋರಿಸಿ ಪಂಚೆಗೆ ಮರ್ಯಾದೆ ತಂದಿತು. ಅದೇ ವರ್ಷ ‘ನಾಗರಹಾವು’ ಚಿತ್ರದಲ್ಲಿ ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಷ್ ತೆರೆಗೆ ಬಂದರು. ಸೀಮೆಯ ಹುಡುಗರು ಮೊದಲನೆಯದನ್ನು ನೋಡಿ ಕಣ್ಣೀರಿಟ್ಟರು, ಬೆಲ್‌ಬಾಟಮ್ ಹೊಲಿಸಲು ದರ್ಜಿಯ ಅಂಗಡಿಗೆ ಹೋದರು. ಆ ಪ್ಯಾಂಟಿನ ಬೆಲೆಯನ್ನು ಎಷ್ಟೋ ಮನೆಗಳಲ್ಲಿ ಹೆಣ್ಣಿನ ತಂದೆ ತೆತ್ತ ಎಂಬುದನ್ನೂ ಹೇಳಬೇಕು. ಗಂಡಿನ ಕಡೆಯವರು ತೆರ ಕೊಟ್ಟು ಹೆಣ್ಣು ತರುತ್ತಿದ್ದ ಪದ್ಧತಿ ಮಾಯವಾಗಿ, ಅಳಿಯನಿಗೆ ಸೂಟು, ವಾಚು, ಉಂಗುರ ಕೊಡುವ ಪದ್ಧತಿ ಬೇರೂರಿತು.

ಆಗ ಎಲ್ಲರೂ ಸರಳವಾಗಿದ್ದರು ಎಂಬ ಮಾತನ್ನು ನಾನು ಒಪ್ಪಲಾರೆ. ಕೆಲವರಿಗೆ ಸರಳತೆ ಅಭ್ಯಾಸವಾಗಿತ್ತು, ಕೆಲವರಿಗೆ ಅಪ್ಪಣೆಯಾಗಿತ್ತು. ಅನೇಕ ಹಳ್ಳಿಗಳಲ್ಲಿ ದಲಿತರು ಮೊಣಕಾಲಿನ ಕೆಳಗೆ ಪಂಚೆ ಇಳಿಬಿಡುವಂತಿರಲಿಲ್ಲ, ಮೇಲ್ಜಾತಿಯವರ ಬೀದಿಯಲ್ಲಿ ಕೆರ ಮೆಟ್ಟಿ ನಡೆಯುವಂತಿರಲಿಲ್ಲ. ಬ್ರಾಹ್ಮಣರ ಮನೆಯ ವಿಧವೆ ತಲೆ ಬೋಳಿಸಿ, ರವಿಕೆಯಿಲ್ಲದೆ ಕೆಂಪು ಸೀರೆಯಲ್ಲಿ ಮುಪ್ಪಿನವರೆಗೆ ಕಳೆದಳು. ಒಗೆದು ಇಸ್ತ್ರಿ ಮಾಡಿದ ಬಿಳಿಯ ಅಂಗಿ ತೊಟ್ಟು ಊರೊಳಗೆ ನಡೆದ ಮೊದಲ ದಿನದ ನೆನಪನ್ನು ಕೇರಿಯ ಹಿರಿಯರೊಬ್ಬರು ಹೇಳಿದಾಗ ಅವರೂ ಲೆಕ್ಕವನ್ನೇ ಹೇಳಿದರು: ಎಷ್ಟು ಜನ ಜಗಲಿಯಿಂದ ಎದ್ದು ನೋಡಿದರು ಎಂಬ ಲೆಕ್ಕ. ಅವರ ಪಾಲಿಗೆ ಆ ಷೋಕಿ ಪಂಕ್ತಿಭೋಜನಕ್ಕಿಂತ ಕಡಮೆಯದಲ್ಲ.

ಹಳೆಯ ಉಡುಪನ್ನು ಇಂದಿಗೂ ನೋಡಬೇಕೆನ್ನುವವರು ಪಿತೃಪಕ್ಷದಲ್ಲಿ ಈ ಕಡೆಯ ಜವಳಿ ಅಂಗಡಿಗಳಿಗೆ ಹೋಗಬೇಕು. ಹಿರಿಯರ ಹಬ್ಬದಲ್ಲಿ ಎಡೆಯ ಮುಂದೆ ಗತಿಸಿದವರಿಗೆಂದು ಹೊಸ ಬಟ್ಟೆ ಇಡುತ್ತಾರೆ. ಮೊಮ್ಮಗ ಜೀನ್ಸಿನಲ್ಲಿ ಬಂದು ತಾತನಿಗೆ ಅಂಚಿನ ಪಂಚೆ, ಹೆಗಲಿನ ವಸ್ತ್ರ, ಅಜ್ಜಿಗೆ ನೂಲಿನ ಸೀರೆ, ರವಿಕೆ ಕಣ ಕೊಳ್ಳುತ್ತಾನೆ. ಬದುಕಿದ್ದಾಗ ರವಿಕೆ ತೊಡದವಳಿಗೂ ಕಣ ಇಡುವುದುಂಟು. ಇತ್ತೀಚೆಗೆ ಒಂದು ಮನೆಯಲ್ಲಿ ಪ್ಯಾಂಟಿನ ಬಟ್ಟೆಯನ್ನೂ ಇಟ್ಟಿದ್ದನ್ನು ಕಂಡೆ. ತೀರಿಕೊಂಡವರು ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದವರು, ಪಂಚೆ ಉಟ್ಟದ್ದನ್ನು ಮಕ್ಕಳು ಯಾರೂ ನೋಡಿರಲಿಲ್ಲವಂತೆ.