ಡಿಬಗರ್ ನೀಡುವ ಎಚ್ಚರಿಕೆಗಳು: ಕಾರಣ ಮತ್ತು ಪರಿಹಾರ

ಗ್ರಾಹಕರ ಗಣಕಯಂತ್ರದಲ್ಲಿ ತಂತ್ರಾಂಶವೊಂದು ಹಠಾತ್ತನೆ ಸ್ಥಗಿತಗೊಂಡಾಗ ಅದರ ಕಾರಣವನ್ನು ಪತ್ತೆಹಚ್ಚಲು ತಂತ್ರಜ್ಞರು ಡಿಬಗರ್ ಎಂಬ ಸಾಧನವನ್ನು ಬಳಸುತ್ತಾರೆ. ಲಿನಕ್ಸ್ ವ್ಯವಸ್ಥೆಯಲ್ಲಿ ವ್ಯಾಪಕ ಬಳಕೆಯಲ್ಲಿರುವ ಜಿಡಿಬಿ ಇಂತಹ ಒಂದು ಸಾಧನ. ರಿಚರ್ಡ್ ಸ್ಟಾಲ್‌ಮನ್ ಅವರು 1986ರಲ್ಲಿ ಇದನ್ನು ರಚಿಸಿದರು. ತನಗೆ ದೊರೆತ ಮಾಹಿತಿ ಸರಿಯಿಲ್ಲವೆಂದು ಡಿಬಗರ್ ಕೆಲವೊಮ್ಮೆ ಆರಂಭದಲ್ಲೇ ಎಚ್ಚರಿಸುತ್ತದೆ. ಈ ಎಚ್ಚರಿಕೆಯನ್ನು ಕಡೆಗಣಿಸಿದಲ್ಲಿ ದೋಷವಿಲ್ಲದ ಸಾಲುಗಳನ್ನು ತಿದ್ದುವುದರಲ್ಲೇ ದಿನಗಳು ಕಳೆಯುತ್ತವೆ. ನಿಗದಿತ ಅವಧಿಯೊಳಗೆ ದುರಸ್ತಿ ಮಾಡಿಕೊಡುವ ಕರಾರಿಗೆ ಸಹಿ ಹಾಕಿರುವ ಸಣ್ಣ ಉದ್ದಿಮೆಗೆ ಇದು ನೇರ ನಷ್ಟ.

ಡಿಬಗ್ ಮಾಹಿತಿ ಎಂದರೇನು?

ಯಂತ್ರಭಾಷೆಯ ಯಾವ ಆದೇಶವು ಮೂಲ ಕಡತದ ಯಾವ ಸಾಲಿನಿಂದ ಬಂದಿದೆ, ಯಾವ ಚರಾಂಶವು ಸ್ಮೃತಿಯಲ್ಲಿ ಎಲ್ಲಿದೆ ಎಂಬುದನ್ನು ಕಂಪೈಲರ್ ಪ್ರತ್ಯೇಕವಾಗಿ ದಾಖಲಿಸುತ್ತದೆ. ಇದೇ ಡಿಬಗ್ ಮಾಹಿತಿ. ಲಿನಕ್ಸ್‌ನಲ್ಲಿ ಇದಕ್ಕೆ ಡ್ವಾರ್ಫ್ ಎಂಬ ವಿನ್ಯಾಸವಿದೆ. ಸಾಮಾನ್ಯವಾಗಿ ತಂತ್ರಾಂಶವು ನಡೆಯುವಾಗ ಈ ದಾಖಲೆ ಬಳಕೆಗೆ ಬರುವುದಿಲ್ಲ. ಆದ್ದರಿಂದ ಎಚ್ಚರಿಕೆ ಬಂದ ಮಾತ್ರಕ್ಕೆ ತಂತ್ರಾಂಶವೇ ಕೆಟ್ಟಿದೆ ಎಂದು ಭಾವಿಸಬೇಕಾಗಿಲ್ಲ. ಅದನ್ನು ಓದುವ ಕೈಪಿಡಿ ನಂಬಲರ್ಹವಲ್ಲ ಎಂದಷ್ಟೇ ಅದರ ಅರ್ಥ.

ನಾಲ್ಕು ಬಗೆಯ ಎಚ್ಚರಿಕೆಗಳು

1. ಮಾಹಿತಿಯೇ ಇಲ್ಲದಿರುವುದು: ಗಾತ್ರ ತಗ್ಗಿಸಲೆಂದು ಗ್ರಾಹಕರಿಗೆ ಕಳುಹಿಸುವ ಪ್ರತಿಯಿಂದ ಡಿಬಗ್ ಮಾಹಿತಿಯನ್ನು ತೆಗೆದುಹಾಕುವುದು ವಾಡಿಕೆ. ಪ್ರತ್ಯೇಕವಾಗಿ ಉಳಿಸಿಕೊಂಡ ಕಡತವನ್ನು ಒದಗಿಸಿದರೆ ಸಮಸ್ಯೆ ನೀಗುತ್ತದೆ.

2. ಹೊಂದಾಣಿಕೆ ಇಲ್ಲದಿರುವುದು: ಇದು ಅತ್ಯಂತ ಅಪಾಯಕಾರಿಯಾದುದು. ಡಿಬಗರ್ ಸಾಲಿನ ಸಂಖ್ಯೆಯನ್ನೇನೋ ತೋರಿಸುತ್ತದೆ, ಆದರೆ ಅದು ಬೇರೊಂದು ಆವೃತ್ತಿಯ ಸಾಲು. ತಂತ್ರಾಂಶದಲ್ಲಿ ಬಿಲ್ಡ್ ಐಡಿ ಎಂಬ ಗುರುತುಸಂಖ್ಯೆಯನ್ನು ಸೇರಿಸಿದ್ದಲ್ಲಿ ರೀಡ್‌ಎಲ್ಫ್ ಎಂಬ ಉಪಕರಣದಿಂದ ಎರಡೂ ಕಡತಗಳ ಸಂಖ್ಯೆಗಳನ್ನು ತಾಳೆ ನೋಡತಕ್ಕದ್ದು. ಮೂಲ ಕಡತವು ತಂತ್ರಾಂಶಕ್ಕಿಂತ ಹೊಸದು ಎಂಬ ಎಚ್ಚರಿಕೆಯೂ ಉಂಟು. ಆದರೆ ಡಿಬಗರ್ ಇಲ್ಲಿ ಹೋಲಿಸುವುದು ಕಡತಗಳ ದಿನಾಂಕ ಮತ್ತು ವೇಳೆಯನ್ನು ಮಾತ್ರ. ಕಡತವನ್ನು ನಕಲು ಮಾಡಿದ್ದರಿಂದಲೂ ಅದು ಬರಬಹುದು.

3. ಆವೃತ್ತಿ ಅರ್ಥವಾಗದಿರುವುದು: ಡ್ವಾರ್ಫ್‌ನ 5ನೇ ಆವೃತ್ತಿ 2017ರಲ್ಲಿ ಪ್ರಕಟವಾಯಿತು. 2021ರಲ್ಲಿ ಬಂದ ಜಿಸಿಸಿ 11ನೇ ಆವೃತ್ತಿಯಿಂದ ಅದೇ ರೂಢಿಯ ಆಯ್ಕೆಯಾಯಿತು. ಹೊಸ ಕಂಪೈಲರ್ ಮತ್ತು ಹಳೆಯ ಡಿಬಗರ್ ಜೊತೆಗೂಡಿದಾಗ ಆವೃತ್ತಿ ತಪ್ಪೆಂಬ ಸಂದೇಶ ಬರುತ್ತದೆ. ಡಿಬಗರನ್ನು ನವೀಕರಿಸುವುದು ಉತ್ತಮ ಪರಿಹಾರ. ಸಾಧ್ಯವಾಗದಿದ್ದಲ್ಲಿ 4ನೇ ಆವೃತ್ತಿಯಲ್ಲಿ ಬರೆಯುವಂತೆ ಕಂಪೈಲರಿಗೆ ಸೂಚಿಸಬಹುದು.

4. ದಾಖಲೆಯೇ ಕೆಟ್ಟಿರುವುದು: ಕಂಪೈಲರಿನ ದೋಷದಿಂದ ಅಥವಾ ಕಡತ ಅರ್ಧಕ್ಕೆ ತುಂಡಾದುದರಿಂದ ಹೀಗಾಗಬಹುದು. ಸಣ್ಣಪುಟ್ಟ ಅಸಂಗತಿಗಳನ್ನು ಜಿಡಿಬಿ ತಾನಾಗಿ ಹೇಳುವುದಿಲ್ಲ. ಕಂಪ್ಲೇಂಟ್ಸ್ ಎಂಬ ಅದರ ಮಿತಿ ಮೂಲತಃ ಸೊನ್ನೆಯಲ್ಲಿರುತ್ತದೆ. ಅದನ್ನು ಹೆಚ್ಚಿಸಿದರೆ ದೂರುಗಳು ಕಾಣಿಸುತ್ತವೆ. ಎಲ್ಎಲ್‌ವಿಎಂ ಡ್ವಾರ್ಫ್‌ಡಂಪ್ ಉಪಕರಣದ ಪರಿಶೀಲನಾ ಆಯ್ಕೆಯಿಂದಲೂ ದೋಷದ ಸ್ಥಾನ ತಿಳಿಯುತ್ತದೆ.

ಉದ್ದಿಮೆಗಳು ಅನುಸರಿಸಬೇಕಾದ ಕ್ರಮ

ಎಚ್ಚರಿಕೆಯ ಪಠ್ಯವನ್ನು ಯಥಾವತ್ತಾಗಿ ಬರೆದಿಟ್ಟುಕೊಂಡು ಅದು ಯಾವ ಬಗೆಗೆ ಸೇರುತ್ತದೆಂದು ಮೊದಲು ನಿರ್ಧರಿಸಬೇಕು. ಸಂದೇಹ ಪರಿಹಾರವಾಗುವವರೆಗೆ ಡಿಬಗರ್ ತೋರಿಸುವ ಸಾಲನ್ನು ಆಧರಿಸಿ ತಿದ್ದುಪಡಿ ಮಾಡುವುದು ಉಚಿತವಲ್ಲ.

ಡಿಬಗ್ ಕಡತ ಕಳೆದುಹೋದರೆ ಮತ್ತೆ ಕಂಪೈಲ್ ಮಾಡಿಕೊಳ್ಳಬಹುದು ಎಂಬ ನಂಬಿಕೆ ಹಲವರಲ್ಲಿದೆ. ಮೂಲ ಕಡತಗಳು ಅವೇ ಆಗಿದ್ದರೂ ಕಂಪೈಲರಿನ ಆವೃತ್ತಿಯೋ ಆಯ್ಕೆಗಳೋ ಬದಲಾಗಿದ್ದಲ್ಲಿ ಆದೇಶಗಳ ವಿಳಾಸಗಳು ಬೇರೆಯಾಗುತ್ತವೆ. ಹೀಗೆ ತಯಾರಾದ ಕಡತವು ಗ್ರಾಹಕರ ಬಳಿಯಿರುವ ಪ್ರತಿಗೆ ಹೊಂದುವ ಭರವಸೆಯಿಲ್ಲ.

ಆದ್ದರಿಂದ ಬಿಡುಗಡೆಯ ದಿನದಂದೇ ಡಿಬಗ್ ಕಡತ, ಮೂಲ ಕಡತಗಳ ಪ್ರತಿ, ಬಿಲ್ಡ್ ಐಡಿ ಹಾಗೂ ಕಂಪೈಲರಿನ ಆವೃತ್ತಿಯನ್ನು ಒಟ್ಟಿಗೆ ಸಂಗ್ರಹಿಸಿಡುವುದು ಸೂಕ್ತ. ಆ ಆವೃತ್ತಿಯನ್ನು ಬಳಸುವ ಕಡೆಯ ಗ್ರಾಹಕರು ಇರುವವರೆಗೂ ಇವನ್ನು ಕಾಪಾಡಿಕೊಳ್ಳಬೇಕು. ಇದಕ್ಕೆ ತಗಲುವ ವೆಚ್ಚ ಕೇವಲ ಸಂಗ್ರಹಸ್ಥಳದ್ದು. ನಿರ್ಲಕ್ಷಿಸಿದರೆ ತೆರಬೇಕಾದದ್ದು ತಂತ್ರಜ್ಞರ ಶ್ರಮ ಮತ್ತು ಗ್ರಾಹಕರ ವಿಶ್ವಾಸ.