ಮುಪ್ಪಿನ ಮರೆವೂ ಔಷಧದ ನಡುಕವೂ

ಅರವತ್ತಕ್ಕೆ ಅರಳುಮರಳೆಂಬ ಮಾತನ್ನು ನಮ್ಮ ವಾಚಕರು ಬಲ್ಲರು; ಆ ವಯಸ್ಸನ್ನು ಮುಟ್ಟಿರುವ ನಾವಂತೂ ಅದನ್ನು ಕೇಳಿ ನಗುವುದನ್ನು ಬಿಟ್ಟಿದ್ದೇವೆ. ಚಿಕ್ಕನಾಯಕನಹಳ್ಳಿಯ ನಮ್ಮ ಬಂಧುಗಳೊಬ್ಬರು, ಎಂಬತ್ತು ದಾಟಿದ ವೃದ್ಧರು, ಮರೆವಿನ ರೋಗಕ್ಕೆ ಸಿಕ್ಕಿ, ಅಟ್ಟದ ಕೊಬ್ಬರಿಯನ್ನು ಕಳ್ಳರು ಒಯ್ದರೆಂದು ನಡುರಾತ್ರಿಯಲ್ಲಿ ಕೂಗಾಡುತ್ತಿದ್ದರು. ವೈದ್ಯರೊಬ್ಬರು ಹ್ಯಾಲೊಪೆರಿಡಾಲೆಂಬ ಗುಳಿಗೆಯನ್ನು ಕೊಡಲು ಕೂಗಾಟವು ನಿಂತಿತು. ಆದರೆ ಕೆಲವೇ ವಾರಗಳಲ್ಲಿ ಕೈ ನಡುಗತೊಡಗಿತು, ಹೆಜ್ಜೆ ಕಿರಿದಾಯಿತು, ಮುಖವು ಮರದ ಬೊಂಬೆಯಂತಾಯಿತು. ರೋಗವೇ ಬಲಿತಿತೆಂದು ಮನೆಯವರು ತಿಳಿದರು. ನಾವೂ ಹಾಗೆಯೇ ತಿಳಿದೆವೆಂಬುದನ್ನು ಮುಚ್ಚಿಡಲಾರೆವು.

ಈ ವರ್ಗದ ಔಷಧಗಳು ಮಿದುಳಿನಲ್ಲಿ ಡೋಪಮೈನ್ ಎಂಬ ದ್ರವ್ಯದ ಕಾರ್ಯವನ್ನು ತಡೆಯುತ್ತವೆ. ಭ್ರಾಂತಿಯು ತಗ್ಗುವುದು ಅದರಿಂದಲೇ. ಅಂಗಗಳ ಸರಾಗ ಚಲನೆಗೂ ಅದೇ ದ್ರವ್ಯವು ಬೇಕಾದುದರಿಂದ ಕಂಪವಾತದ ಲಕ್ಷಣಗಳು ತೋರುವುದೂ ಅದರಿಂದಲೇ. ಸರ್ಪಗಂಧಿಯ ಬೇರಿನಿಂದ 1952ರಲ್ಲಿ ಬೇರ್ಪಡಿಸಿದ ರೆಸರ್ಪೀನಿಗೂ ಈ ದೋಷವುಂಟು. ಗಿಡಮೂಲಿಕೆಯಿಂದ ಕೇಡಿಲ್ಲವೆನ್ನುವವರು ಇದನ್ನು ನೆನೆಯಬೇಕು. ಬಹುಕಾಲ ಸೇವಿಸಿದರೆ ತುಟಿ ನಾಲಗೆಗಳು ಎಲೆಯಡಿಕೆ ಮೆಲ್ಲುವಂತೆ ತಾವಾಗಿಯೇ ಆಡತೊಡಗುವುದುಂಟು. ಔಷಧವನ್ನು ಬಿಟ್ಟರೂ ಅದು ಕೆಲವರಲ್ಲಿ ಉಳಿಯುತ್ತದೆ. ಲ್ಯೂಯಿ ಕಣಗಳ ಮರೆವಿನ ರೋಗವುಳ್ಳವರಿಗಂತೂ ಅಪಾಯವು ಬಹಳ. ಮರೆವಿನ ವೃದ್ಧರಲ್ಲಿ ಇವುಗಳಿಂದ ಮರಣಸಂಭವವು ಹೆಚ್ಚುವುದೆಂದು ಅಮೆರಿಕದ ಔಷಧಾಡಳಿತವು 2005ರಲ್ಲಿ ಹೊಸ ಗುಳಿಗೆಗಳ ಬಗೆಗೂ, 2008ರಲ್ಲಿ ಹಳೆಯವುಗಳ ಬಗೆಗೂ ಎಚ್ಚರಿಸಿತು.

ಗುಳಿಗೆಯನ್ನು ಮನೆಯವರೇ ಥಟ್ಟನೆ ನಿಲ್ಲಿಸಲಾಗದು. ಎರಡನೆಯ ವೈದ್ಯರು ಮೊದಲು ಮಲಬದ್ಧತೆ, ಮೂತ್ರದ ಉರಿ, ಮಂಡಿನೋವುಗಳನ್ನು ವಿಚಾರಿಸಿದರು. ಬಳಿಕ ಪ್ರಮಾಣವನ್ನು ಮೆಲ್ಲಮೆಲ್ಲನೆ ಇಳಿಸಿದರು. ಎರಡು ತಿಂಗಳಲ್ಲಿ ವೃದ್ಧರು ತುತ್ತನ್ನು ತಾವೇ ಎತ್ತತೊಡಗಿದರು. ಕಳ್ಳರ ಭಯವು ಹೋಗಿಲ್ಲ. ಸೊಸೆಯು ಅಟ್ಟಕ್ಕೆ ಬೀಗವಿಕ್ಕಿ, ಹಳೆಯ ಬೀಗದ ಕೈಯೊಂದನ್ನು ಅವರ ಉಡಿದಾರಕ್ಕೆ ಕಟ್ಟಿದ್ದಾಳೆ. ರಾತ್ರಿ ಅದನ್ನೊಮ್ಮೆ ಮುಟ್ಟಿ ನೋಡಿಕೊಂಡು ಮಲಗುತ್ತಾರೆ.