ಹೆರಿಗೆ ಮಾಡಿಸುವವಳಿಗೂ ಒಂದು ಮನೆಯಿದೆ

ಹೆರಿಗೆ ನೋವಿಗೆ ಹೊತ್ತುಗೊತ್ತಿಲ್ಲ. ನಡುರಾತ್ರಿಯ ನಿದ್ದೆಯಿರಲಿ, ರಮಝಾನಿನ ಸಹರಿಯ ಗಡಿಬಿಡಿಯಿರಲಿ, ಕರೆ ಬಂದರೆ ನರ್ಸಮ್ಮ ಹೊರಡಲೇಬೇಕು. ಆದರೆ ಅವಳ ಸ್ವಂತ ಮನೆಯಲ್ಲಿ ಎಚ್ಚರವಾಗಿ ಅಳುವ ಮಗುವನ್ನು ಮಲಗಿಸುವವರು ಯಾರು?

"ರಾತ್ರಿ ಹೋಗುವ ಕೆಲಸ ನಮ್ಮ ಸೊಸೆಗೆ ಬೇಡ" ಎನ್ನುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅದೇ ಮನೆಯ ಮಗಳಿಗೆ ನೋವು ಬಂದಾಗ ಮಾತ್ರ "ಹೆರಿಗೆ ಹೆಂಗಸೇ ಮಾಡಿಸಲಿ" ಎಂಬ ಬೇಡಿಕೆ! ಎಲ್ಲರೂ ಸೊಸೆಯನ್ನು ತಡೆದರೆ ಆ ಹೆಂಗಸು ಎಲ್ಲಿಂದ ಬರಬೇಕು?

ಚಿತ್ರದುರ್ಗ ಜಿಲ್ಲೆಗೆ ಹೊಂದಿಕೊಂಡಿರುವ ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. ಅದಕ್ಕೆ ಹಣ ಕೇಳಿದವರಲ್ಲ. 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು. ಅವರೂ 12 ಮಕ್ಕಳನ್ನು ಹೆತ್ತ ತಾಯಿ. ಅವರ ಸೇವೆಯನ್ನು ಹೊಗಳುವ ನಾವು, ಅವರು ಹೊರಗಿದ್ದ ರಾತ್ರಿಗಳಲ್ಲಿ ಮನೆ ಹೇಗೆ ನಡೆಯಿತೆಂದು ಕೇಳುವುದೇ ಇಲ್ಲ.

ಈಗ ಹೆರಿಗೆಗಳು ಆಸ್ಪತ್ರೆಗೆ ಬಂದಿವೆ. 2005ರ ಜನನಿ ಸುರಕ್ಷಾ ಯೋಜನೆ, 2008ರಲ್ಲಿ ರಾಜ್ಯಕ್ಕೆ ಬಂದ 108 ಆಂಬುಲೆನ್ಸ್ ಇದಕ್ಕೆ ನೆರವಾದವು. ಆದರೂ ಕರೆ ನಿಂತಿಲ್ಲ. ಹೊಳಲ್ಕೆರೆ ತಾಲೂಕಿನ ಬಿ.ದುರ್ಗದಂತಹ ಹೋಬಳಿಯಲ್ಲಿ ಹಳ್ಳಿಗಳೂ ತೋಟದ ಮನೆಗಳೂ ದೂರ ದೂರ. ಬಯಲುಸೀಮೆಯಲ್ಲಿ ಸುಮಾರು 5,000 ಜನರಿಗೆ ಒಂದು ಆರೋಗ್ಯ ಉಪಕೇಂದ್ರವೆಂಬುದು ಲೆಕ್ಕ. ಹಗಲಿಡೀ ಗರ್ಭಿಣಿಯರ ತಪಾಸಣೆ, ಲಸಿಕೆ, ಬಾಣಂತಿಯರ ಭೇಟಿ, ದಾಖಲೆ ಬರೆಯುವುದು. ಆಸ್ಪತ್ರೆಯ ಪಾಳಿ ಮುಗಿದರೆ ಮನೆಗೆ ಹೋಗಬಹುದು. ಫೋನಿನ ಕರೆಗೆ ಪಾಳಿಯಿಲ್ಲ.

ಇಲ್ಲಿ ಮನೆಯವರು ಮಾಡಬಹುದಾದದ್ದು ಬಹಳವಿದೆ. ಕರೆ ಬಂದ ರಾತ್ರಿ ಮಕ್ಕಳ ಬಳಿ ಯಾರು, ಬೆಳಿಗ್ಗೆ ಒಲೆಯ ಮುಂದೆ ಯಾರು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಲಿ. ಈ ಹೊಣೆ ಅತ್ತೆಯದು ಮಾತ್ರವಲ್ಲ, ಗಂಡನದೂ ಹೌದು. ರಾತ್ರಿಯೆಲ್ಲ ಎಚ್ಚರವಿದ್ದು ಬಂದವಳ ಹಗಲು ನಿದ್ದೆಯನ್ನು ಸೋಮಾರಿತನವೆನ್ನಬಾರದು. ಹೆರಿಗೆಯ ನಂತರದ ಅತಿ ರಕ್ತಸ್ರಾವ ಕೆಲವೇ ಗಂಟೆಗಳಲ್ಲಿ ತಾಯಿಯ ಜೀವ ತೆಗೆಯಬಲ್ಲದು. ಅದನ್ನು ಗುರುತಿಸುವ ಕಣ್ಣು ನಿದ್ದೆಗೆಟ್ಟಿರಬಾರದು.

ಗರ್ಭಿಣಿಯ ಮನೆಯವರಿಗೂ ಜವಾಬ್ದಾರಿಯಿದೆ. ಎಂಟು ತುಂಬುವಷ್ಟರಲ್ಲಿ ತಾಯಿ ಕಾರ್ಡು, ಬಟ್ಟೆಯ ಚೀಲ, ಜೊತೆಗೆ ಹೋಗುವವರು, ಸೇರಬೇಕಾದ ಆಸ್ಪತ್ರೆ ಎಲ್ಲವೂ ನಿಶ್ಚಯವಾಗಿರಲಿ. ಹಗಲು ಕೇಳಬಹುದಾದ ಸಂದೇಹವನ್ನು ಹಗಲೇ ಕೇಳಿ. ಆದರೆ ರಕ್ತಸ್ರಾವ, ತೀವ್ರ ತಲೆನೋವು, ಫಿಟ್ಸ್, ಮಗುವಿನ ಅಲುಗಾಟ ಕಡಿಮೆಯಾದಂತೆ ಅನಿಸುವುದು ಕಂಡರೆ ಎಷ್ಟೇ ಹೊತ್ತಾಗಿರಲಿ, ಸಂಕೋಚ ಬೇಡ. ಕೂಡಲೇ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೊರಡಿ.

ಸರಕಾರದ ಹೊಣೆಯೂ ಸಣ್ಣದಲ್ಲ. 2018ರಲ್ಲಿ ಕೇಂದ್ರ ಸರಕಾರ ನರ್ಸ್‌ಗಳಿಗೆ 18 ತಿಂಗಳ ವಿಶೇಷ ಸೂಲಗಿತ್ತಿ ತರಬೇತಿಯ ಯೋಜನೆ ಪ್ರಕಟಿಸಿತು. ಇಂಥವರ ಸಂಖ್ಯೆ ಹೆಚ್ಚಿದರೆ ರಾತ್ರಿಗಳನ್ನು ಸರದಿಯಲ್ಲಿ ಹಂಚಿಕೊಳ್ಳಬಹುದು. ಒಬ್ಬಳ ಹೆಗಲ ಭಾರ ನಾಲ್ವರ ಹೆಗಲಿಗೆ ಹಗುರ.

ಸಹೋದರಿಯರೇ, ನಿಮ್ಮ ಮಗಳು ನರ್ಸಿಂಗ್ ಓದುತ್ತೇನೆಂದರೆ, ಸೊಸೆ ಕೆಲಸ ಬಿಡಲಾರೆನೆಂದರೆ "ರಾತ್ರಿ ಹೇಗೆ?" ಎಂದು ಕೇಳುವುದು ತಪ್ಪಲ್ಲ. ಆ ಪ್ರಶ್ನೆಗೆ ಉತ್ತರವನ್ನು ಅವಳೊಬ್ಬಳಿಂದಲೇ ನಿರೀಕ್ಷಿಸಬೇಡಿ. ಮನೆಮಂದಿಯೆಲ್ಲ ಕೂತು ಹುಡುಕಿ.